ಬಾಳಿ ಕೆಟ್ಟ ವರ್ಷ

ಕಮಲಾಪುರದ ಬಸ್ ನಿಲ್ದಾಣದಲ್ಲಿ ಶೇವಂತಾಬಾಯಿಯನ್ನು ಹುಡುಕುವುದು ಸುಲಭ, ನಿಲ್ಲಿಸಿ ಮಾತಾಡಿಸುವುದು ಕಷ್ಟ. ಹುಮನಾಬಾದಿಗೆ ಹೋಗುವ ಬಸ್ಸು ಬಂದರೆ ಅದರ ಕಿಟಕಿಗಳ ಕೆಳಗೆ ಇರುತ್ತಾರೆ, ಕಲಬುರಗಿಗೆ ಹೋಗುವುದು ಬಂದರೆ ಆಚೆ ಬದಿಗೆ ಓಡಿರುತ್ತಾರೆ. ತಲೆಯ ಮೇಲೆ ಕೆಂಪು ಬಾಳೆಹಣ್ಣಿನ ಬುಟ್ಟಿ, ಕೈಯಲ್ಲಿ ಆಗಲೇ ಎತ್ತಿ ಹಿಡಿದ ಅರ್ಧ ಡಜನ್. ಬಸ್ಸಿಲ್ಲದ ಹೊತ್ತಿನಲ್ಲೂ ಕೂರುವವರಲ್ಲ. ಹಣ್ಣು ಒರೆಸುತ್ತಾರೆ, ಕೆಳಗಿನದನ್ನು ಮೇಲಕ್ಕೆ ತರುತ್ತಾರೆ, ಏನೂ ಇಲ್ಲದಿದ್ದರೆ ಸುಮ್ಮನೆ ರಸ್ತೆಯವರೆಗೆ ಹೋಗಿ ಬರುತ್ತಾರೆ. ನಾನೂ ಒಂದು ಕಡೆ ಕೂರದ ಹೆಂಗಸೇ, ಆದರೆ ಅವರ ಮುಂದೆ ನಾನು ಗುಂಡುಕಲ್ಲು.

ನಾನು ಅಂಬಿಕಾ. ಕಲಬುರಗಿಯ ಸೇಡಂ ರಸ್ತೆಯ ಒಂದು ಕಾಲೇಜಿನ ಪತ್ರಿಕೋದ್ಯಮ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ದಿನ ಉಳಿದ ಅತಿಥಿಯನ್ನು ಯಾವ ಮನೆಯವರೂ ಇಟ್ಟುಕೊಳ್ಳುವುದಿಲ್ಲ, ಸರ್ಕಾರ ಇಟ್ಟುಕೊಂಡಿದೆ. ಶೇವಂತಾಬಾಯಿಯ ಒಬ್ಬಳೇ ಮಗಳು ವಿಜಯಶ್ರೀ ನನ್ನ ಅಂತಿಮ ವರ್ಷದ ವಿದ್ಯಾರ್ಥಿನಿ. ಆ ಕಾರಣಕ್ಕೇ ನನಗೆ ಅವರ ಪರಿಚಯ.

ನಮ್ಮಲ್ಲಿ ಪದವಿ ಮುಗಿಸುವ ಮಕ್ಕಳು ಮಾಡಿದ ಕಿರುಚಿತ್ರ, ಫೋಟೊ, ರೇಡಿಯೊ ಕಾರ್ಯಕ್ರಮಗಳನ್ನೆಲ್ಲ ಸೇರಿಸಿ ಪ್ರತಿ ವರ್ಷ ಒಂದು ಉತ್ಸವ ಮಾಡುತ್ತೇವೆ. ಮೊದಲು ಸಭಾಂಗಣದಲ್ಲಿ ಆಗುತ್ತಿತ್ತು. ಕೊರೊನಾ ವರ್ಷ ಆನ್‌ಲೈನ್ ಆಯಿತು. ಕೊರೊನಾ ಹೋಯಿತು, ಆನ್‌ಲೈನ್ ಹೋಗಲಿಲ್ಲ. ಶಾಮಿಯಾನ ಬೇಡ, ಚಹಾ ಬೇಡ, ಅತಿಥಿಗಳನ್ನು ಸ್ಟೇಷನ್ನಿನಿಂದ ಕರೆತರುವ ಗೋಳಿಲ್ಲ ಎಂದು ನಮ್ಮ ವಿಭಾಗದ ಮುಖ್ಯಸ್ಥರಾದ ಶಿವಶರಣ ಸರ್‌ಗೆ ಅದು ಬಹಳ ಹಿಡಿಸಿತು. ತೀರ್ಪುಗಾರರು ಮೂವರೂ ಬೆಂಗಳೂರಿನಲ್ಲಿ ಕೂತು ನೋಡುತ್ತಾರೆ. ಅವರಿಗೆ ನಮ್ಮ ಮಾತು ತಿಳಿಯುವುದಿಲ್ಲವೆಂದು ಸರ್ ಒಂದು ನಿಯಮ ಮಾಡಿದ್ದಾರೆ: ಚಿತ್ರದಲ್ಲಿ ನಮ್ಮ ಕಡೆಯ ಮಾತಿದ್ದರೆ ಕೆಳಗೆ ಶುದ್ಧ ಕನ್ನಡದಲ್ಲಿ ಅಡಿಬರಹ ಹಾಕಬೇಕು. ಕನ್ನಡದ ಕೆಳಗೆ ಕನ್ನಡ. ಈ ನಿಯಮ ನೆನೆದಾಗೆಲ್ಲ ನನಗೆ ಮೈ ಉರಿಯುತ್ತದೆ. ಆದರೂ ಅಡಿಬರಹ ತಿದ್ದುವ ಕೆಲಸ ನನ್ನದೇ, ನಾನು ಅದನ್ನು ಬಾಯಿ ಮುಚ್ಚಿಕೊಂಡು ಮಾಡುತ್ತೇನೆ.

ವಿಜಯಶ್ರೀ ತನ್ನ ಅವ್ವನ ಮೇಲೆ ಹನ್ನೆರಡು ನಿಮಿಷದ ಚಿತ್ರ ಮಾಡಿದ್ದಳು. ಫೆಬ್ರವರಿಯಲ್ಲಿ ಮೂರು ವಾರ ಅವ್ವನ ಹಿಂದೆ ಕ್ಯಾಮೆರಾ ಹಿಡಿದು ಓಡಿದ್ದಳು. ಶೇವಂತಾಬಾಯಿ ನಿಂತು ಮಾತಾಡಲಿ ಎಂದು ನಿಲ್ದಾಣದ ಎದುರಿನ ಚಹಾದಂಗಡಿಯ ಜಹಾಂಗೀರ್ ಅವರ ಕಡೆ ಬುಟ್ಟಿ ಬಚ್ಚಿಡಿಸಿದ್ದಳಂತೆ. ಹಾಗೂ ಹೀಗೂ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಿದ್ದಾಳೆ. ಮಡಿಲಲ್ಲಿ ಒಂದು ಚಿಪ್ಪು ಹಣ್ಣು ಇಟ್ಟುಕೊಂಡು, ಬರುವ ಬಸ್ಸಿನ ಮೇಲೊಂದು ಕಣ್ಣಿಟ್ಟುಕೊಂಡು ಶೇವಂತಾಬಾಯಿ ಹೇಳುತ್ತಾರೆ: "ವಿಜಿ ಮೂರು ವರ್ಸದಾಕಿ ಇದ್ದಾಗ ನೋಡ್ರಿ, ಬಾಳಿ ಕೆಡ್ತು. ಇಕಿ ಅಪ್ಪ ಪುಣೆಕ್ಕ ಹೋದ. ಅವತ್ತಿನಿಂದ ಬುಟ್ಟಿ ಹೊತ್ತೀನಿ."

ಅದರ ಕೆಳಗೆ ವಿಜಯಶ್ರೀ ಬರೆದ ಅಡಿಬರಹ ಹೀಗಿತ್ತು: ಆ ವರ್ಷ ಬಾಳೆಯ ಬೆಳೆ ಹಾಳಾಯಿತು. ಪತಿ ದುಡಿಯಲು ಪುಣೆಗೆ ಹೋದರು. ಚಿತ್ರದ ಕೊನೆಗೆ ಅವಳದೇ ದನಿ ಬರುತ್ತದೆ, 'ಅಪ್ಪ ತಿರುಗಿ ಬರಲೇ ಇಲ್ಲ' ಎಂದು. ನಾನು ಇದನ್ನು ಏಳು ಸಲ ನೋಡಿ ಕಾಗುಣಿತ ತಿದ್ದಿದ್ದೆ, ಎರಡು ಸಲ ಅತ್ತಿದ್ದೆ. ಶಿವಶರಣ ಸರ್ ಅಂತೂ ಕೈ ಕೈ ತಿಕ್ಕಿಕೊಂಡಿದ್ದರು. ಬೆಳೆ ಹಾಳು, ಗುಳೆ, ಕಾಯುವ ಮಗಳು, ಇಷ್ಟಿದ್ದರೆ ಬೆಂಗಳೂರಿನವರ ಕಣ್ಣು ಒದ್ದೆಯಾಗದೆ ಇರುವುದಿಲ್ಲ ಎಂದು ಅವರ ಲೆಕ್ಕ.

ಉತ್ಸವ ಜೂನ್ ತಿಂಗಳ ಒಂದು ಶನಿವಾರ. ಹನ್ನೊಂದಕ್ಕೆ ಶುರು, ವಿಜಯಶ್ರೀಯ ಚಿತ್ರ ನಾಲ್ಕು ಗಂಟೆಗೆ. ಬೆಳಿಗ್ಗೆ ಎಂಟಕ್ಕೆ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಕೊನೆಯ ಸಲ ನೋಡೋಣವೆಂದು ಮೊಬೈಲ್ ಹಚ್ಚಿ ಕೂತಿದ್ದೆ. ನಮ್ಮವ್ವ ಶಾರದಾಬಾಯಿ ನನಗೆ ಬೆನ್ನು ಮಾಡಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಚಿತ್ರದ ಕಡೆ ಒಂದು ಸಲವೂ ತಿರುಗಿ ನೋಡಿರಲಿಲ್ಲ.

"ಪಾಪ, ಯಾರದವಾ ಬಾಳಿ ಕೆಟ್ಟದ್ದು?" ಅಂದಳು. "ಗಂಡ ಬಿಟ್ಟು ಹ್ವಾದನೇನು?"

ನಾನು ಚಿತ್ರ ನಿಲ್ಲಿಸಿದೆ. ನಮ್ಮ ಕಡೆ ಬಾಳೆಹಣ್ಣೂ ಬಾಳಿಯೇ, ಗಂಡಹೆಂಡಿರ ಬಾಳ್ವೆಯೂ ಬಾಳಿಯೇ. ಒಬ್ಬ ಹೆಂಗಸು ತನ್ನ ಬಾಳಿ ಕೆಟ್ಟಿತು ಅಂದರೆ ಸಂಸಾರ ಮುರಿಯಿತು ಎಂದು ಅರ್ಥ, ಅದು ಹುಟ್ಟಿದಾಗಿನಿಂದ ನನಗೆ ಗೊತ್ತು. ಆದರೆ ಮಡಿಲಲ್ಲಿ ಹಣ್ಣು ಕಾಣುತ್ತಿತ್ತಲ್ಲ, ನಾವೆಲ್ಲ ಹಣ್ಣನ್ನೇ ಕೇಳಿಸಿಕೊಂಡಿದ್ದೆವು. ನೋಡದೆ ಬರೀ ಕೇಳಿದವಳು ನಮ್ಮವ್ವ ಒಬ್ಬಳೇ. ನನಗೆ ನನ್ನ ಮೇಲೇ ಸಿಟ್ಟು ಬಂತು. ಶೇವಂತಾಬಾಯಿಯ ಮನೆತನಕ್ಕೆ ಒಂದು ಗುಂಟೆ ಹೊಲ ಇರಲಿಲ್ಲ, ಅವರು ಇವತ್ತಿಗೂ ಇನ್ನೊಬ್ಬರ ತೋಟದ ಹಣ್ಣು ತಂದು ಮಾರುವವರು. ನೆಲವಿಲ್ಲದವರ ಬೆಳೆ ಹೇಗೆ ಹಾಳಾದೀತು ಎಂದು ಏಳು ಸಲದಲ್ಲಿ ಒಂದು ಸಲವಾದರೂ ಹೊಳೆಯಬಾರದೇ? ನಮ್ಮ ಮನೆಗೆ ಹೊಲ ಇದೆ, ಅದಕ್ಕೇ ಹೊಳೆಯಲಿಲ್ಲವೋ ಏನೋ.

ಹಾಗಾದರೆ ವಿಜಯಶ್ರೀಗೆ ಇದು ಗೊತ್ತೇ? ಗೊತ್ತಿದ್ದು ಮುಚ್ಚಿಟ್ಟಳೇ, ಗೊತ್ತೇ ಇಲ್ಲವೇ? ಗೊತ್ತಿಲ್ಲದಿದ್ದರೆ ಹೇಳುವ ಹಕ್ಕು ನನಗೆಲ್ಲಿಯದು? ಶೇವಂತಾಬಾಯಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಬಸ್ಸಿನ ಹೊತ್ತಿನಲ್ಲಿ ಅವರು ಯಾವತ್ತೂ ಎತ್ತುವುದಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಪಡಸಾಲೆಯಿಂದ ಅಂಗಳಕ್ಕೆ ನಾಲ್ಕು ಸಲ ಓಡಾಡಿ, ಕೊನೆಗೆ ಹಾಸ್ಟೆಲಿನಲ್ಲಿದ್ದ ವಿಜಯಶ್ರೀಗೆ ಬಸ್ ನಿಲ್ದಾಣಕ್ಕೆ ಬರಲು ಹೇಳಿದೆ. ಒಂದು ಅಡಿಬರಹದಲ್ಲಿ ಸಂಶಯವಿದೆ, ನಿಮ್ಮವ್ವನನ್ನೇ ಕೇಳಬೇಕು ಎಂದಷ್ಟೇ ಹೇಳಿದೆ. ಯಾವುದು ಎಂದು ಬಸ್ಸಿನಲ್ಲಿ ಅವಳು ಮೂರು ಸಲ ಕೇಳಿದಳು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ಕಿಟಕಿಯ ಕಡೆ ತಿರುಗಿದೆ.

ಅರ್ಧ ದಾರಿಯಲ್ಲಿ ಶಿವಶರಣ ಸರ್ ಫೋನ್ ಬಂತು. ಅಡಿಬರಹ ಬದಲಾಗಬಹುದು ಅಂದೆ. ಅವರು ಹೌಹಾರಿದರು. ತೀರ್ಪುಗಾರರಲ್ಲಿ ಇಬ್ಬರು ಚಿತ್ರವನ್ನು ಮೊದಲೇ ನೋಡಿ ಅಂಕ ಕೊಟ್ಟಾಗಿದೆ, ಮೊದಲ ಬಹುಮಾನ ಇದಕ್ಕೇ, ಬಹುಮಾನವೆಂದರೆ ಒಂದು ಸುದ್ದಿ ವಾಹಿನಿಯ ಕಲಬುರಗಿ ಕಚೇರಿಯಲ್ಲಿ ಆರು ತಿಂಗಳ ತರಬೇತಿ, ಹುಡುಗಿಯ ಭವಿಷ್ಯ ಹಾಳು ಮಾಡಬೇಡಿ, ಒಂದು ಅಕ್ಷರವನ್ನೂ ಮುಟ್ಟಬೇಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಪಕ್ಕದಲ್ಲಿ ಕೂತಿದ್ದ ವಿಜಯಶ್ರೀಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಫೋನನ್ನು ಚೀಲದ ತಳಕ್ಕೆ ತುರುಕಿದೆ.

ಕಮಲಾಪುರದಲ್ಲಿ ಇಳಿದಾಗ ಹನ್ನೊಂದೂವರೆ. ಮಗಳನ್ನು ಚಹಾ ತರಲು ಕಳಿಸಿ, ಶೇವಂತಾಬಾಯಿಯನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ. ಕೆಳಗೆ ಏನು ಬರೆದಿದೆ ಎಂದು ಕೇಳಿದರು, ಓದಿ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ವಿಜಿಗೆ ಐದು ವರ್ಷವಿದ್ದಾಗ ಓಣಿಯ ಹೆಂಗಸರು ಆಡಿಕೊಂಡ ಮಾತು ಕೇಳಿಸಿಕೊಂಡು ಬಂದು, ಬಾಳಿ ಕೆಡ್ತು ಅಂದರೇನು ಎಂದು ಕೇಳಿದಳಂತೆ. ಇವರು ಬುಟ್ಟಿಯಿಂದ ಸಿಪ್ಪೆ ಕಪ್ಪಾದ ಒಂದು ಹಣ್ಣು ತೆಗೆದು ಕೈಗಿಟ್ಟು, ಇದು ಅಂದರಂತೆ. ಮಗು ನಂಬಿತು. ಆಮೇಲೆ ಇಬ್ಬರೂ ಆ ಮಾತು ಕೆದಕಲಿಲ್ಲ.

ನಾನು ಅವರನ್ನು ಕಾಪಾಡಲು ಬಂದವಳ ಹಾಗೆ ಮಾತಾಡಿದೆ. ಬರೆದದ್ದು ಹಾಗೇ ಇರಲಿ, ಬೆಂಗಳೂರಿನವರಿಗೆ ತಿಳಿಯುವುದಿಲ್ಲ, ಬಹುಮಾನವೂ ಬರುತ್ತದೆ ಅಂದೆ. ಅವರು, ಚಿತ್ರದಲ್ಲಿ ಗಂಡನ ವಿಷಯ ಇನ್ನೇನಿದೆ ಎಂದು ಕೇಳಿದರು. ಮುಗಿಯುವಾಗ ವಿಜಿಯ ಮಾತು ಬರುತ್ತದೆ, ಅಪ್ಪ ತಿರುಗಿ ಬರಲೇ ಇಲ್ಲ ಅಂತಾಳೆ ಎಂದು ಹೇಳಿದೆ. ಶೇವಂತಾಬಾಯಿ ಬುಟ್ಟಿಯನ್ನು ನೆಲಕ್ಕೆ ಇಳಿಸಿದರು. ಹುಮನಾಬಾದ್ ಬಸ್ಸು ಬಂದು ನಿಂತರೂ ಆ ಕಡೆ ನೋಡಲಿಲ್ಲ. ಮಗಳನ್ನು ಕೂಗಿ ಕರೆದರು. ನಾನು ಸರಿದು ಹೋಗಲು ನೋಡಿದೆ, ನನ್ನ ಮುಂಗೈ ಹಿಡಿದು ನಿಲ್ಲಿಸಿಕೊಂಡರು.

"ವಿಜಿ, ನಿಮ್ಮಪ್ಪ ಬಂದಿದ್ದ," ಅಂದರು. "ಎರಡ ಸಲ ಬಂದಿದ್ದ. ನಾ ಬಾಗಲಾ ತಗೀಲಿಲ್ಲ."

ವಿಜಯಶ್ರೀಯ ಕೈಯಲ್ಲಿ ಚಹಾದ ಮೂರು ಗ್ಲಾಸು ಇದ್ದವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತಳು.

ಶೇವಂತಾಬಾಯಿ ನಿಂತುಕೊಂಡೇ ಎಲ್ಲ ಹೇಳಿದರು. ಗಂಡ ಭೀಮಶಾ ಕುಡಿಯುವವನಲ್ಲ, ಹೊಡೆಯುವವನೂ ಅಲ್ಲ. ಕೂಲಿಯಾಳುಗಳನ್ನು ಒಯ್ಯುವ ಮುಕದ್ದಮನೊಬ್ಬನ ಮಾತಿಗೆ ಒಪ್ಪಿ, ಹೆಂಡತಿ ಮಗಳನ್ನು ಕಟ್ಟಿಕೊಂಡು ಪುಣೆಯ ಇಟ್ಟಿಗೆ ಭಟ್ಟಿಗೆ ಹೊರಟಿದ್ದ. ಶೇವಂತಾಬಾಯಿ ಹುಟ್ಟಿ ಬೆಳೆದದ್ದು ಅಂಥದೇ ಭಟ್ಟಿಯಲ್ಲಿ, ಅದಕ್ಕೇ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ. ವಿಜಿ ಆಗಷ್ಟೇ ಅಂಗನವಾಡಿಗೆ ಹೋಗಲು ಹಿಡಿದಿದ್ದಳು. ನಾನು ಬರುವುದಿಲ್ಲ, ಮಗಳನ್ನೂ ಕಳಿಸುವುದಿಲ್ಲ ಅಂದರು. ಮೂರು ದಿನ ಜಗಳವಾಯಿತು. ನಾಲ್ಕನೇ ದಿನ ಅವನ ಟ್ರಂಕನ್ನು ಇವರೇ ಹೊರಗಿಟ್ಟರು. ಮರುವರ್ಷ ಏಪ್ರಿಲ್ ಹದಿನಾಲ್ಕಕ್ಕೆ, ಜಯಂತಿಗೆ ಊರಿನವರೆಲ್ಲ ಬರುವಾಗ ಅವನೂ ಬಂದ, ಮಗಳಿಗೆ ಒಂದು ಫ್ರಾಕು ತಂದಿದ್ದ. ಮತ್ತೆ ಕರೆದುಕೊಂಡು ಹೋಗುತ್ತಾನೆಂಬ ಅಂಜಿಕೆಗೆ ಇವರು ಬಾಗಿಲು ತೆಗೆಯಲಿಲ್ಲ. ಅದರ ಮರುವರ್ಷವೂ ಬಂದ, ಆಗಲೂ ತೆಗೆಯಲಿಲ್ಲ. ಎರಡೂ ಸಲ ವಿಜಿ ಒಳಗೆ ಮಲಗಿದ್ದಳು. ಮೂರನೇ ವರ್ಷ ಬರಲಿಲ್ಲ. ಅಲ್ಲೇ ಇನ್ನೊಬ್ಬಳ ಜೊತೆ ಬಾಳಿ ಹೂಡಿದ ಎಂದು ಸುದ್ದಿ ಬಂತು.

ನನಗೆ ಕೇಳುತ್ತ ನಿಲ್ಲಲಾಗಲಿಲ್ಲ. ಚಿತ್ರಕಥೆ ಬರೆಯುವಾಗ ವಿಜಯಶ್ರೀಯೇ ನನಗೆ ಹೇಳಿದ್ದಳು, ಹತ್ತನೇ ಇಯತ್ತೆಯವರೆಗೆ ಪ್ರತಿ ಜಯಂತಿಯ ದಿನ ಬಿಳಿ ಬಟ್ಟೆ ಹಾಕಿಕೊಂಡು ಇದೇ ನಿಲ್ದಾಣದಲ್ಲಿ ಸೋಲಾಪುರ ಕಡೆಯಿಂದ ಬರುವ ಬಸ್ಸುಗಳನ್ನು ಎಣಿಸುತ್ತಿದ್ದೆ ಎಂದು. ಅವ್ವ ಪಕ್ಕದಲ್ಲೇ ಹಣ್ಣು ಮಾರುತ್ತ ಅದನ್ನು ನೋಡುತ್ತಿದ್ದರಲ್ಲ.

ಇಷ್ಟು ದಿನ ಇಲ್ಲದ್ದು ಇವತ್ತೇ ಯಾಕೆ ಹೇಳುತ್ತಿ ಎಂದು ವಿಜಯಶ್ರೀ ಕೇಳಿದಳು. ದನಿ ಏರಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಓಣ್ಯಾಗ ಎಲ್ಲಾರಿಗೂ ಗೊತ್ತದ," ಅಂದರು ಶೇವಂತಾಬಾಯಿ. "ಸಂಜೀಕ ಎಲ್ಲಾರೂ ಮೊಬೈಲ್‌ನಾಗ ನೋಡ್ತಾರ, ನೀನೇ ಲಿಂಕ್ ಕಳಿಸೀದಿ. ನಾ ಸುಳ್ಳಾದ್ರ ನಡೀತದ. ನೀ ಪೇಪರ್‌ದಾಕಿ ಆಗಾಕಿ, ನೀ ಸುಳ್ಳಾಗಬಾರ್ದು." ಆಮೇಲೆ ನನ್ನ ಕಡೆ ತಿರುಗಿದರು. "ಮೇಡಂರಿ, ಬಾಳಿ ಕೆಡ್ತು ಅಂತ ಬರೀಬ್ಯಾಡ್ರಿ. ತಾನಾಗೇ ಕೆಡಲಿಲ್ಲ ಅದು. ಕೆಡಿಸ್ದೆ ಅಂತ ಬರೀರಿ."

ವಿಜಯಶ್ರೀ ಗ್ಲಾಸುಗಳನ್ನು ಕಟ್ಟೆಯ ಮೇಲಿಟ್ಟು, ಊರೊಳಗಿನ ದಾರಿ ಹಿಡಿದಳು. ನಾನು ಹಿಂದೆ ಹೊರಟೆ, ಶೇವಂತಾಬಾಯಿ ಬೇಡ ಅಂದರು. ಹನ್ನೆರಡಾಯಿತು, ಒಂದಾಯಿತು. ನಾನು ಜಹಾಂಗೀರ್ ಅವರ ಬೆಂಚಿನಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಕಾಲೇಜಿನ ಲ್ಯಾಬಿನಲ್ಲಿ ಚಿತ್ರಗಳನ್ನು ಬಿಡುತ್ತಿದ್ದ ವಿಜಯಶ್ರೀಯ ಸಹಪಾಠಿ ಪರ್ವೇಜ್ ಎರಡು ಸಲ ಫೋನ್ ಮಾಡಿ, ಬದಲಾವಣೆ ಇದ್ದರೆ ಎರಡು ಗಂಟೆಯೊಳಗೆ ಹೇಳಿ, ನೆಟ್ ಬಹಳ ನಿಧಾನ ಇದೆ ಅಂದ. ಏನು ಹೇಳಲಿ? ತಾಯಿಯದು ಮಾತು, ಮಗಳದು ಚಿತ್ರ, ನನ್ನದು ಕಾಗುಣಿತ. ಬೆಳಿಗ್ಗೆ ನಾನು ಸುಮ್ಮನಿದ್ದಿದ್ದರೆ ಈ ಹೊತ್ತಿಗೆ ಇವರಿಬ್ಬರೂ ನಗುನಗುತ್ತ ಒಂದೇ ಮೊಬೈಲು ನೋಡುತ್ತಿದ್ದರು ಎಂದು ನನ್ನನ್ನೇ ಬೈದುಕೊಂಡೆ. ಶೇವಂತಾಬಾಯಿ ಮಾತ್ರ ಮತ್ತೆ ಬಸ್ಸುಗಳ ಹಿಂದೆ ಓಡುತ್ತಿದ್ದರು, ಆದರೆ ಆ ಒಂದೂವರೆ ತಾಸಿನಲ್ಲಿ ಒಂದು ಹಣ್ಣೂ ಮಾರಲಿಲ್ಲ. ಕೇಳಿದವರಿಗೆ ಬೆಲೆ ಹೇಳುವುದನ್ನೇ ಮರೆಯುತ್ತಿದ್ದರು.

ಒಂದೂವರೆಗೆ ವಿಜಯಶ್ರೀ ತಿರುಗಿ ಬಂದಳು. ಅತ್ತ ಮುಖ ಅದು, ಆದರೆ ತೊಳೆದುಕೊಂಡು ಬಂದಿದ್ದಳು. ಮನೆಗೆ ಹೋಗಿ ಬಾಗಿಲು ನೋಡಿ ಬಂದೆ ಎಂದಷ್ಟೇ ನನಗೆ ಹೇಳಿದಳು. ಅವ್ವನ ಕಡೆ ನೋಡಲಿಲ್ಲ. ನನ್ನ ಎದುರಿಗೇ ಪರ್ವೇಜ್‌ಗೆ ಫೋನ್ ಮಾಡಿ, ಅವ್ವನ ಮಾತಿನ ಅಡಿಬರಹ ಅಳಿಸಿ 'ನನ್ನ ಸಂಸಾರವನ್ನು ನಾನೇ ಮುರಿದೆ' ಎಂದು ಹಾಕಲು ಹೇಳಿದಳು. ಕೊನೆಯ ತನ್ನ ಮಾತಿನ ದನಿ ತೆಗೆದುಬಿಡು, ಅಲ್ಲಿ ಏನೂ ಬೇಡ ಅಂದಳು. ಶಿವಶರಣ ಸರ್ ಒಪ್ಪಿದ್ದಾರೆಯೇ ಎಂದು ಅವನು ಕೇಳಿರಬೇಕು. ಅವಳು ನನ್ನ ಮುಖ ನೋಡಿದಳು. ನಾನು ಫೋನ್ ಇಸಿದುಕೊಂಡು, ಹಾಕಪ್ಪಾ, ಸರ್ ಕೇಳಿದರೆ ಅಂಬಿಕಾ ಮೇಡಂ ಹೇಳಿದರು ಅನ್ನು ಅಂದೆ. ಹನ್ನೊಂದು ವರ್ಷದ ಅತಿಥಿಗೆ ಅಷ್ಟಾದರೂ ಸಲುಗೆ ಬೇಡವೇ?

ಬಹುಮಾನ ಬರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ದನಿಗೂ ಅಡಿಬರಹಕ್ಕೂ ತಾಳೆಯಿಲ್ಲವೆಂದು ಅಂಕ ಕಳೆದರು, ಕೊನೆಯ ನಾಲ್ಕು ಸೆಕೆಂಡು ದನಿಯಿಲ್ಲದ್ದು ತಾಂತ್ರಿಕ ದೋಷ ಎಂದು ಇನ್ನಷ್ಟು ಕಳೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಶಿವಶರಣ ಸರ್ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ನನಗೂ ಹೊಟ್ಟೆ ಉರಿಯಿತು, ಇಲ್ಲವೆನ್ನುವುದಿಲ್ಲ.

ನಾಲ್ಕಕ್ಕೆ ಚಿತ್ರ ಶುರುವಾಯಿತು. ಜಹಾಂಗೀರ್ ಅವರ ಅಂಗಡಿಯ ಬೆಂಚಿನ ಮೇಲೆ ನಾವು ಮೂವರು, ನಡುವೆ ವಿಜಯಶ್ರೀ, ಅವಳ ಕೈಯಲ್ಲಿ ಮೊಬೈಲು. ತಾಯಿ ಮಗಳು ಒಬ್ಬರಿಗೊಬ್ಬರು ತಾಕದ ಹಾಗೆ ಕೂತಿದ್ದರು. ಆ ಮಾತು ಬಂದಾಗ ಶೇವಂತಾಬಾಯಿ ಕೆಳಗಿನ ಅಕ್ಷರ ತೋರಿಸಿ, ಬರೆದದ್ದು ಇದೇ ಏನು ಎಂದು ನನ್ನನ್ನು ಕೇಳಿದರು. ಇದೇ ಅಂದೆ. ಅದು ಮರೆಯಾಗುವವರೆಗೆ ನೋಡಿದರು.

ಚಿತ್ರ ಮುಗಿದ ಮೇಲೆ ಪ್ರಶ್ನೆಯ ಹೊತ್ತು. ತೀರ್ಪುಗಾರರಲ್ಲಿ ಕನ್ನಡಕ ಹಾಕಿದ ಹಿರಿಯ ಮಹಿಳೆಯೊಬ್ಬರು, ಆಕೆ ಹೇಳುವುದು ಕೆಟ್ಟಿತು ಎಂದು, ಕೆಳಗೆ ಬರೆದಿರುವುದು ನಾನೇ ಮುರಿದೆ ಎಂದು, ಮೊದಲು ಕಳಿಸಿದ ಪ್ರತಿಯಲ್ಲಿ ಇನ್ನೇನೋ ಇತ್ತು, ಇದು ಅಡಿಬರಹದ ತಪ್ಪೇ ಎಂದು ಕೇಳಿದರು. ಇನ್ನೊಂದು ಚೌಕದಲ್ಲಿ ಶಿವಶರಣ ಸರ್ ಕೆಮ್ಮಿದರು. ತಪ್ಪು ಎಂದು ಒಪ್ಪಿಕೊಂಡರೆ ಹಳೆಯ ಪ್ರತಿಗೆ ಕೊಟ್ಟ ಅಂಕ ಉಳಿಯುತ್ತಿತ್ತು. ವಿಜಯಶ್ರೀ ಮೈಕ್ ತೆರೆದಳು.

"ತಪ್ಪಲ್ರಿ ಮೇಡಂ," ಅಂದಳು. "ಮಾತು ಫೆಬ್ರವರಿದು. ಬರದದ್ದು ಇವತ್ತಿಂದು. ಇವತ್ತಿಂದು ಖರೆ."

ನಮ್ಮ ಮಾತಿನಲ್ಲೇ ಹೇಳಿದಳು, ಕೆಳಗೆ ಏನೂ ಬರೆಯದೆ. ಆ ಹಿರಿಯರು ಸರಿ ಎಂದು ತಲೆಯಾಡಿಸಿದರು. ಮುಂದಿನ ಹುಡುಗನ ಚಿತ್ರ ಶುರುವಾಯಿತು. ವಿಜಯಶ್ರೀ ಮೊಬೈಲ್ ಆರಿಸಿ ಮಡಿಲಲ್ಲಿಟ್ಟುಕೊಂಡು, ಬೆಳಗಿನ ಮಾತಾದ ಮೇಲೆ ಮೊದಲ ಸಲ ಅವ್ವನ ಕಡೆ ತಿರುಗಿದಳು.

"ಮೂರನೇ ಸಲ ಬಂದ್ರ ಬಾಗಲಾ ನಾ ತಗೀತೀನಿ, ಯವ್ವಾ."

ಶೇವಂತಾಬಾಯಿ ಬುಟ್ಟಿಯಿಂದ ಒಂದು ಹಣ್ಣು ತೆಗೆದು ಸೆರಗಿನಿಂದ ಒರೆಸಿದರು.

"ತಗಿ," ಅಂದರು. "ನಾ ಒಳಗೇ ಇರ್ತೀನಿ."